ಮನೆಯ ಇನ್ನೊಂದು ಮಗು
(ಶತಮಾನೋತ್ಸವದ ಕುಟುಂಬ ದಿನದಂದು ನೀಡಿದ ಭಾಷಣದ ಪಾಠ)



ರೋಗಿಗಳ ಮನೆಗೆ ಹೋದಾಗ ಎಲ್ಲರೂ ನೇರವಾಗಿ ಹಾಸಿಗೆಯ ಬಳಿಗೆ ನಡೆಯುತ್ತಾರೆ. ಬಾಗಿಲ ಮರೆಯಲ್ಲಿ ನಿಂತ ಇನ್ನೊಂದು ಮಗುವನ್ನು ಮಾತನಾಡಿಸುವವರು ವಿರಳ. ಆ ಮಗುವಿನ ಪರವಾಗಿ ಇಂದು ಎರಡು ಮಾತು ಹೇಳಬಯಸುತ್ತೇವೆ. ಬಾಲ್ಯದಲ್ಲಿ ಹಾಗೆ ನಿಂತವರು ನಾವೇ.

1971ರಲ್ಲಿ ನಮಗೆ ಹತ್ತು ವರ್ಷ. ಏಳು ವರ್ಷದ ತಮ್ಮನಿಗೆ ಸಕ್ಕರೆ ಕಾಯಿಲೆ ಎಂದು ವೈದ್ಯರು ತಿಳಿಸಿದರು. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ದೇಹವು ಇನ್ಸುಲಿನ್ ತಯಾರಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದು ಸಿಹಿ ತಿಂದುದರ ಫಲವಲ್ಲ, ಯಾರ ಪಾಪದ ಶಿಕ್ಷೆಯೂ ಅಲ್ಲ. 1921ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಪ್ರಯೋಗಗಳು ಫಲಿಸಿ, 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಶೀತಪೆಟ್ಟಿಗೆ ಇರಲಿಲ್ಲ. ಇನ್ಸುಲಿನ್ ಸೀಸೆ ಮಣ್ಣಿನ ಮಡಕೆಯ ತಂಪಿನಲ್ಲಿರುತ್ತಿತ್ತು. ತಾಯಿಯವರು ಗಾಜಿನ ಸಿರಿಂಜನ್ನು ಕುದಿಸಿ ತೆಗೆಯುತ್ತಿದ್ದರು. ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಿದಾಗ ನೀಲಿ ಉಳಿದರೆ ಮನೆಯಲ್ಲಿ ನಗು; ಇಟ್ಟಿಗೆಯ ಕೆಂಪು ಬಂದರೆ ಮೌನ. ನಮ್ಮ ಶಾಲೆಯ ಅಂಕಪಟ್ಟಿಯನ್ನು ಅಷ್ಟು ಕಾತರದಿಂದ ಯಾರೂ ನೋಡಲಿಲ್ಲ.

ಆ ವರ್ಷದ ಕ್ರಿಸ್ಮಸ್ಸಿಗೆ ಕರ್ಜಿಕಾಯಿ, ಕಲ್ಕಲ ಯಾವುದನ್ನೂ ಮಾಡಲಿಲ್ಲ. ಸಿಟ್ಟಿನಲ್ಲಿ ನಾವು ತಮ್ಮನಿಗೆ, "ನಿನ್ನಿಂದಲೇ ನಮಗೆ ಹಬ್ಬವಿಲ್ಲ" ಎಂದುಬಿಟ್ಟೆವು. ಸಂಜೆ ಚುಚ್ಚುಮದ್ದು ಪಡೆದ ಅವನು ಊಟ ಮಾಡದೆ ಮಲಗಿದನು. ನಡುರಾತ್ರಿ ಮೈಯೆಲ್ಲ ಬೆವತು, ನಡುಗುತ್ತಾ ತೊದಲತೊಡಗಿದನು. ಇನ್ಸುಲಿನ್ ಪಡೆದು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ನುಂಗುವಷ್ಟು ಎಚ್ಚರ ಇನ್ನೂ ಇತ್ತು. ತಾಯಿಯವರು ಸಕ್ಕರೆ ನೀರು ಕುಡಿಸಿದರು. ಲೋಟ ಹಿಡಿದ ನಮ್ಮ ಕೈ ಅವನ ಮೈಗಿಂತ ಹೆಚ್ಚಾಗಿ ನಡುಗುತ್ತಿತ್ತು. ಅವನು ಬದುಕಿದನು. ನಾವು ಆಡಿದ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಗುರುದೀಕ್ಷೆಯ ಹಿಂದಿನ ದಿನ ಅವನಲ್ಲಿ ಕ್ಷಮೆ ಕೇಳಿದೆವು. "ಅಣ್ಣಾ, ಅಂದು ಊಟ ಬಿಟ್ಟದ್ದು ನಿನ್ನ ಮಾತಿಗಲ್ಲ, ಹಾಗಲಕಾಯಿ ಪಲ್ಯಕ್ಕೆ" ಎಂದು ನಕ್ಕನು. ಅದು ನಿಜವೋ, ನಮ್ಮ ಸಮಾಧಾನಕ್ಕೆ ಹೇಳಿದ್ದೋ ಇಂದಿಗೂ ತಿಳಿಯದು. ಅವನು ತೀರಿಕೊಂಡು ಈಗ ಹಲವು ವರ್ಷಗಳಾದವು.

ಪ್ರಿಯರೇ, ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಮನೆ ಬಿಟ್ಟು ಹೋಗಿದ್ದವನನ್ನು ಮಾತ್ರ ಅಪ್ಪಿಕೊಳ್ಳುವುದಿಲ್ಲ. ಸಿಟ್ಟಾಗಿ ಹೊರಗೆ ನಿಂತ ಹಿರಿಯ ಮಗನ ಬಳಿಗೂ ತಾನೇ ಎದ್ದು ಹೋಗುತ್ತಾನೆ. ಬಹುಕಾಲದ ಕಾಯಿಲೆಯಿರುವ ಮನೆಯ ತಂದೆತಾಯಿಯರೇ, ಆರೋಗ್ಯವಂತ ಮಗುವಿಗೆ ಕಾಯಿಲೆ ಏನೆಂದು ಬಿಡಿಸಿ ಹೇಳಿರಿ. ಅದರ ಹೊಟ್ಟೆಕಿಚ್ಚನ್ನು ಪಾಪವೆಂದು ಗದರಿಸದೆ ಕೇಳಿಸಿಕೊಳ್ಳಿರಿ. ದಿನಕ್ಕೆ ಅರ್ಧ ಗಂಟೆಯಾದರೂ ಅದಕ್ಕೇ ಮೀಸಲಿಡಿರಿ. ರೋಗಿಯನ್ನು ಕಾಣಲು ಹೋಗುವವರೇ, ಬಾಗಿಲ ಮರೆಯಲ್ಲಿರುವ ಮಗುವನ್ನೂ ಹೆಸರು ಹಿಡಿದು ಕರೆಯಿರಿ.