ಒಂದು ಕಿಣ್ವದ ಬೆನ್ನು ಹತ್ತಿ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ವಿಜ್ಞಾನದ ಬಗ್ಗೆ ನಾಲ್ಕು ಮಾತು ಆಡಲು ಕರೆದಿದ್ದೀರಿ. ವಿಜ್ಞಾನಿ ಎಂದ ಕೂಡಲೇ ಮಕ್ಕಳ ಕಣ್ಣ ಮುಂದೆ ರಾಕೆಟ್ ಬರುತ್ತದೆ. ನಾನು ಇವತ್ತು ಹೇಳಲಿರುವುದು ಕಣ್ಣಿಗೇ ಕಾಣದ ಬ್ಯಾಕ್ಟೀರಿಯಾದ ಒಳಗೆ ಕೆಲಸ ಮಾಡುವ ಒಂದು ಕಿಣ್ವದ ಬೆನ್ನು ಹತ್ತಿದ ವಿಜ್ಞಾನಿಯ ಬಗ್ಗೆ. ಅವರು ಪ್ರೊ. ವಿ. ನಾಗರಾಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಶಾಸ್ತ್ರ ಮತ್ತು ಕೋಶಜೀವಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾಗಿ ಸಂಶೋಧನೆ ನಡೆಸಿದವರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರೂ ಆಗಿದ್ದರು. ಅವರ ಕೆಲಸಕ್ಕೂ ಚಿಕ್ಕೋಡಿ, ಅಥಣಿ ಕಡೆಯ ನಮಗೂ ಏನು ಸಂಬಂಧ ಎಂದು ಕೇಳಬಹುದು. ಔಷಧ ಅಂಗಡಿಯಲ್ಲಿ ಜ್ವರಕ್ಕೆಂದು ಕೇಳಿ ತರುವ ಒಂದು ಗುಳಿಗೆಯಲ್ಲಿ ಆ ಸಂಬಂಧ ಇದೆ.

ಕ್ಷಯರೋಗ ತರುವ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಅದರೊಳಗಿನ ಡಿಎನ್ಎ ದಾರವನ್ನು ಬಿಡಿಸಿ ಚಾಚಿದರೆ ಸುಮಾರು ಒಂದೂವರೆ ಮಿಲಿಮೀಟರ್! ನೂರಾರು ಪಟ್ಟು ಉದ್ದದ ದಾರ ಅಷ್ಟು ಸಣ್ಣ ಗೂಡಿನಲ್ಲಿ ಹೇಗೆ ಕೂಡುತ್ತದೆ? ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹುರಿ ಹೆಚ್ಚಾದರೆ ಹಗ್ಗ ತನ್ನಷ್ಟಕ್ಕೆ ಸುತ್ತಿಕೊಂಡು ಗಿಡ್ಡವಾಗುತ್ತದೆ. ಎಳೆಗಳನ್ನು ಬಿಡಿಸಲು ಹೋದರೆ ಮುಂದೆ ಗಂಟು ಬೀಳುತ್ತದೆ. ಡಿಎನ್ಎಯ ಹುರಿಯನ್ನು ಹದದಲ್ಲಿ ಇಡಲು ಬ್ಯಾಕ್ಟೀರಿಯಾದಲ್ಲಿ ‘ಗೈರೇಸ್’ ಎಂಬ ಕಿಣ್ವವಿದೆ. ಇದನ್ನು 1976ರಲ್ಲಿ ಅಮೆರಿಕದ ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರು ಕಂಡುಹಿಡಿದರು. ಗೈರೇಸ್ ದಾರವನ್ನು ಒಂದೆಡೆ ಕತ್ತರಿಸುತ್ತದೆ, ಆ ಸಂದಿನಲ್ಲಿ ಇನ್ನೊಂದು ಭಾಗವನ್ನು ತೂರಿಸುತ್ತದೆ, ಮತ್ತೆ ಬೆಸೆಯುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್‌ನಂಥ ಔಷಧಗಳು ಇದೇ ಕಿಣ್ವವನ್ನು ಕತ್ತರಿಸಿದ ಹಂತದಲ್ಲಿಯೇ ಹಿಡಿದು ನಿಲ್ಲಿಸುತ್ತವೆ. ಬೆಸುಗೆ ಆಗುವುದಿಲ್ಲ, ಬ್ಯಾಕ್ಟೀರಿಯಾ ಸಾಯುತ್ತದೆ.

ಪ್ರೊ. ನಾಗರಾಜ ಅವರ ತಂಡ ಕ್ಷಯದ ಬ್ಯಾಕ್ಟೀರಿಯಾದ ಗೈರೇಸ್ ಜೀನ್‌ಗಳನ್ನು ಬೇರ್ಪಡಿಸಿ, ಅವುಗಳ ಅಕ್ಷರಕ್ರಮವನ್ನು ಓದಿ 1994ರಲ್ಲಿ ಪ್ರಕಟಿಸಿತು. ಆ ಬ್ಯಾಕ್ಟೀರಿಯಾದ ಇಡೀ ಜೀನೋಮ್ ಹೊರಬಂದದ್ದು 1998ರಲ್ಲಿ. ಅಂದರೆ ನಾಲ್ಕು ವರ್ಷ ಆಮೇಲೆ. ನಮ್ಮ ಕರುಳಿನಲ್ಲಿರುವ ಈ. ಕೋಲಿ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಕ್ಷಯದ ಬ್ಯಾಕ್ಟೀರಿಯಾ ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ತಟ್ಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಳೇ ಬೇಕು. ಇಂಥ ಜೀವಿಯ ಮೇಲೆ ಸಂಶೋಧನೆ ಮಾಡುವವರಿಗೆ ರೈತನ ತಾಳ್ಮೆ ಇರಬೇಕು.

2002ರಲ್ಲಿ ಅವರ ತಂಡ ಮತ್ತೊಂದು ಸಂಗತಿ ತೋರಿಸಿತು. ಬ್ಯಾಕ್ಟೀರಿಯಾ ಎರಡಾಗುವಾಗ ಹೊಸ ಡಿಎನ್ಎ ಬಳೆಗಳು ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಈ. ಕೋಲಿಯಲ್ಲಿ ಅವನ್ನು ಬಿಡಿಸಲು ಬೇರೆಯೇ ಕಿಣ್ವವಿದೆ. ಕ್ಷಯದ ಬ್ಯಾಕ್ಟೀರಿಯಾದ ಬಳಗದಲ್ಲಿ ಅದು ಇಲ್ಲ. ಅಲ್ಲಿ ಹುರಿ ಕೊಡುವುದೂ ಕೊಂಡಿ ಬಿಡಿಸುವುದೂ ಗೈರೇಸ್‌ನ ಕೆಲಸವೇ. ಹೀಗಾಗಿ ಗೈರೇಸ್ ಕೆಟ್ಟರೆ ಆ ಜೀವಿಗೆ ಬೇರೆ ದಾರಿ ಇಲ್ಲ.

ಆದರೆ ವೈರಿಯೂ ಜಾಣ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಕೋಶದ ಗೋಡೆಗೆ ಬೇಕಾದ ಸಾಮಗ್ರಿ ಒದಗಿಸುವ ಒಂದು ಕಿಣ್ವವಿದೆ. ಅದು ಗೈರೇಸ್ ಅನ್ನು ಡಿಎನ್ಎ ಹಿಡಿಯದಂತೆ ತಡೆಯಲೂ ಬಲ್ಲದು ಎಂದು ಇದೇ ತಂಡ 2006ರಲ್ಲಿ ಹೇಳಿತು. ಅಪಾಯವಿಲ್ಲದ ಒಂದು ಸೋದರ ಬ್ಯಾಕ್ಟೀರಿಯಾದಲ್ಲಿ ಆ ಕಿಣ್ವವನ್ನು ಹೆಚ್ಚು ತಯಾರಾಗುವಂತೆ ಮಾಡಿದಾಗ ಅದು ಸಿಪ್ರೊಫ್ಲಾಕ್ಸಾಸಿನ್‌ನ ಏಟನ್ನು ತಾಳಿಕೊಂಡಿತು. ಕತ್ತರಿಸಲು ಡಿಎನ್ಎ ಹಿಡಿಯುವ ಗೈರೇಸ್ ಕಡಿಮೆಯಾದರೆ ಔಷಧಕ್ಕೆ ಸಿಗುವ ಗುರಿಯೂ ಕಡಿಮೆ. ಮುಂದೆ 2014ರಲ್ಲಿ, ಹುರಿ ಸಡಿಲಿಸುವ ಟೋಪೋಐಸೋಮರೇಸ್ ಒಂದು ಎಂಬ ಕಿಣ್ವವಿಲ್ಲದೆ ಕ್ಷಯದ ಬ್ಯಾಕ್ಟೀರಿಯಾ ಬದುಕದು ಎಂದು ತೋರಿಸಿ, ಅದನ್ನು ತಡೆಯುವ ವಸ್ತುಗಳನ್ನೂ ತಂಡ ಹುಡುಕಿತು. ಹಳೆಯ ಔಷಧ ಸೋತಲ್ಲಿ ಹೊಸ ಗುರಿ ಬೇಕಲ್ಲವೇ?

ಔಷಧ ಸೋಲುವುದು ಹೇಗೆ ಎಂಬುದು ಮಕ್ಕಳು ತಿಳಿಯಲೇಬೇಕಾದ ವಿಷಯ. ಔಷಧವನ್ನು ಕಂಡು ಬ್ಯಾಕ್ಟೀರಿಯಾ ಪಾಠ ಕಲಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ ಎಂದು 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ವಿಜ್ಞಾನಿಗಳು ವೈರಸ್‌ಗೆ ಮಣಿಯದ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಕೋಟಿ ಕೋಟಿ ಬ್ಯಾಕ್ಟೀರಿಯಾಗಳಲ್ಲಿ ಬದಲಾದ ಕೆಲವು ಮೊದಲೇ ಇರುತ್ತವೆ. ಗೈರೇಸ್‌ನ ಒಂದು ಸರಪಣಿಯಲ್ಲಿ 94ನೆಯ ಜಾಗದ ಒಂದೇ ಅಮೈನೋ ಆಮ್ಲ ಬದಲಾದರೂ ಸಾಕು, ಔಷಧಕ್ಕೆ ಹಿಡಿತ ತಪ್ಪುತ್ತದೆ. ಗುಳಿಗೆ ಉಳಿದವುಗಳನ್ನು ಕೊಲ್ಲುತ್ತದೆ, ಬದಲಾದವುಗಳಿಗೆ ಹೊಲ ಬಿಟ್ಟುಕೊಡುತ್ತದೆ. ಒಂದು ಔಷಧಕ್ಕೆ ಜಗ್ಗದ್ದನ್ನು ಇನ್ನೊಂದು ಹೊಡೆಯಲಿ ಎಂದೇ ಕ್ಷಯಕ್ಕೆ ಹಲವು ಔಷಧಗಳನ್ನು ಕೂಡಿಸಿ, ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟರೆ, ಅರ್ಧ ಕಸ ಕಿತ್ತು ಬಿಟ್ಟ ಹೊಲದ ಗತಿಯೇ.

ಈಗ ಆ ಗುಳಿಗೆಯ ಮಾತಿಗೆ ಬರೋಣ. ಕ್ಷಯದ ಮುಖ್ಯ ಔಷಧಗಳೇ ನಾಟದ ರೋಗಿಗಳಿಗೆ ಲಿವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಬಲವಾದ ಆಸರೆ. ಎರಡೂ ಗೈರೇಸ್ ಹಿಡಿಯುವ ಬಳಗದವು. ಇಂಥದನ್ನೇ ನಾವು ಕೆಮ್ಮಿಗೆ, ಜ್ವರಕ್ಕೆ ಚೀಟಿಯಿಲ್ಲದೆ ತಂದು ಮೂರು ದಿನ ನುಂಗಿದರೆ ಏನಾಗುತ್ತದೆ? ಅದು ಕ್ಷಯವೇ ಆಗಿದ್ದರೆ ಕೆಮ್ಮು ಸ್ವಲ್ಪ ತಗ್ಗಿ ರೋಗ ಮರೆಯಾಗುತ್ತದೆ, ಪತ್ತೆಯಾಗುವುದು ತಡವಾಗುತ್ತದೆ. ಅಷ್ಟರಲ್ಲಿ ಆ ಔಷಧಕ್ಕೆ ಜಗ್ಗದ ತಳಿ ಬೆಳೆದಿರಬಹುದು. ನಾಳೆ ಅದೇ ತಳಿ ಪಕ್ಕದ ಮನೆಯ ಮಗುವಿಗೆ ಹತ್ತಬಹುದು.

ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರು, ರಾಯಬಾಗ, ಕಾಗವಾಡ ಕಡೆ ಕಬ್ಬು ಕಡಿಯಲು ಊರೂರು ತಿರುಗುವ ಗ್ಯಾಂಗಿನವರು ಕೆಮ್ಮಿಗೆಂದು ದವಾಖಾನೆಗೆ ಹೋಗಿ ದಿನದ ಕೂಲಿ ಕಳೆದುಕೊಳ್ಳಲು ಹಿಂಜರಿಯುವುದು ಸಹಜ. ಆದರೆ ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಕ್ಷಯದ ಔಷಧವೂ ಉಚಿತ. ಊರು ಬಿಟ್ಟು ಹೋಗುವಾಗ ಮೊದಲೇ ಹೇಳಿದರೆ ಹೋದ ಊರಿನಲ್ಲಿಯೂ ಔಷಧ ಸಿಗುತ್ತದೆ. ದನಗಳ ವಿಷಯದಲ್ಲಿಯೂ ಎಚ್ಚರ ಬೇಕು. ಕೆಚ್ಚಲುಬಾವಿಗೆ ಆ್ಯಂಟಿಬಯಾಟಿಕ್ ಕೊಡಿಸಿದ ಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬಾರದು.

ಮಕ್ಕಳೇ, ಮನೆಗೆ ಹೋಗಿ ಔಷಧದ ಡಬ್ಬಿ ನೋಡಿರಿ. ಹಾಳೆಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧ ಎಂದು ಅಪ್ಪ ಅವ್ವನಿಗೆ ಓದಿ ಹೇಳಿರಿ. ನಿಮ್ಮಲ್ಲಿ ಯಾರಾದರೂ ಮುಂದೆ ಸೂಕ್ಷ್ಮಜೀವಿಗಳ ಸಂಶೋಧನೆಗೆ ಹೋದರೆ ನಮಗೆಲ್ಲ ಹೆಮ್ಮೆ. ಒಂದು ಕಿಣ್ವ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಒಂದು ತಂಡಕ್ಕೆ ಹಲವು ದಶಕ ಹಿಡಿಯಿತು. ಆ ತಿಳಿವಳಿಕೆಯಿಂದ ಬರುವ ಔಷಧ ಎಷ್ಟು ವರ್ಷ ಬಾಳುತ್ತದೆ ಎಂಬುದು ಮಾತ್ರ ಅದನ್ನು ನುಂಗುವ ನಮ್ಮ ಕೈಯಲ್ಲಿದೆ.