ಒಳ್ಳೆಯ ಕಾಫಿ ಯಾರ ಕೈಯಲ್ಲಿದೆ?

(ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಭಾಗದ ಹೋಟೇಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಎತ್ತಿಕೊಂಡಿರುವುದು ರಜೆಯ ವಿಷಯವಲ್ಲ, ಬೋನಸ್ಸಿನ ವಿಷಯವೂ ಅಲ್ಲ. ದಿನವೂ ನಮ್ಮ ಕೈಯಿಂದ ನೂರಾರು ಲೋಟಗಳಲ್ಲಿ ಹೊರಗೆ ಹೋಗುವ ಕಾಫಿಯ ವಿಷಯ. ಆದರೆ ಇದೂ ಕೊನೆಗೆ ನಮ್ಮ ಸಂಬಳಕ್ಕೇ ಬಂದು ಮುಟ್ಟುತ್ತದೆಂಬುದನ್ನು ತಾವೇ ಕಾಣುವಿರಿ.

ಥಾಣೆಯಲ್ಲಿ, ನವಿಮುಂಬಯಿಯಲ್ಲಿ ಹೊಸ ಬಗೆಯ ಕಾಫಿ ಅಂಗಡಿಗಳು ತೆರೆದಿವೆ. ಬೀಜ ಯಾವ ಜಿಲ್ಲೆಯದು, ಯಾವ ತೋಟದ್ದು ಎಂದು ಅಲ್ಲಿ ಬರೆದು ತೋರಿಸುತ್ತಾರೆ. ಇದಕ್ಕೆ ‘ಸ್ಪೆಷಾಲಿಟಿ ಕಾಫಿ’ ಎಂದು ಹೆಸರು. ಪರಿಣತರು ಕಾಫಿಯ ರುಚಿ ನೋಡಿ 100ಕ್ಕೆ ಇಷ್ಟು ಎಂದು ಅಂಕ ಹಾಕುವರು. 80 ಅಥವಾ ಹೆಚ್ಚು ಬಂದರೆ ಈ ಪಟ್ಟ ಸಿಗುವುದು ರೂಢಿ. ಅಲ್ಲಿ ಕಾಫಿ ಮಾಡುವವನಿಗೆ ‘ಬರಿಸ್ತಾ’ ಎಂಬ ಗೌರವದ ಹೆಸರಿದೆ. ಡೊಂಬಿವಲಿ ಸ್ಟೇಶನ್ನಿನ ಹೊರಗೆ ಬೆಳಿಗ್ಗೆ ಐದಕ್ಕೆ ಡಿಕಾಕ್ಷನ್ ಇಳಿಸುವ ನಮ್ಮವನು ಮಾತ್ರ ಇನ್ನೂ ‘ಏ ಮಾಣಿ’ಯೇ. ಬೀಜ ಒಂದೇ ಘಟ್ಟದ್ದಾಗಿರುವಾಗ ಕೆಲಸದ ಮರ್ಯಾದೆ ಮಾತ್ರ ಬೇರೆಯಾದುದು ಹೇಗೆ?

ಒಳ್ಳೆಯ ಕಾಫಿ ಎಲ್ಲಿ ಹುಟ್ಟುತ್ತದೆಂದು ನೋಡೋಣ. ಭಾರತದ ಕಾಫಿಯಲ್ಲಿ 100ಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅದು ಬೆಳೆಯುವುದು ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಗಿಡದ ಹಣ್ಣೆಲ್ಲ ಒಮ್ಮೆಗೇ ಕೆಂಪಾಗುವುದಿಲ್ಲ. ಹಣ್ಣಾದದ್ದನ್ನೇ ಆರಿಸಿ, ಅದೇ ಗಿಡಕ್ಕೆ ಮತ್ತೆ ಮತ್ತೆ ಬಂದು ಕೊಯ್ಯಬೇಕು. ಕಾಯಿ ಹಣ್ಣು ಕೂಡಿಸಿ ಬಾಚಿದರೆ ರುಚಿ ಅಲ್ಲಿಯೇ ಕೆಟ್ಟಿತು. ತೊಳೆದು ಮಾಡುವ ಕಾಫಿಯಾದರೆ ಕೊಯ್ದ ದಿನವೇ ಸಿಪ್ಪೆ ತೆಗೆದು, ಲೋಳೆ ತೊಳೆದು, ಕಣದಲ್ಲಿ ಹರಡಿ ಒಣಗಿಸಬೇಕು. 1 ಕಿಲೋ ಬೀಜಕ್ಕೆ ಸುಮಾರು 5–6 ಕಿಲೋ ಹಣ್ಣು ಬೇಕು. ಇಷ್ಟೂ ಹಣ್ಣನ್ನು ಒಂದೊಂದಾಗಿ ಆರಿಸುವುದು ಕೂಲಿಯವರ ಕೈ. ಈಗ ಅಸ್ಸಾಮ್, ಬಂಗಾಳಗಳಿಂದಲೂ ಜನ ಕೊಯ್ಲಿಗೆ ಬರುತ್ತಾರೆ. ನಾವು ಊರು ಬಿಟ್ಟು ಇಲ್ಲಿಗೆ ಬಂದಂತೆ ಅವರು ನಮ್ಮ ನಾಡಿಗೆ ಬಂದಿದ್ದಾರೆ. ಬರಿಯ ತೂಕಕ್ಕೆ ಕೂಲಿ ಕೊಟ್ಟರೆ ಕೈ ಎಲ್ಲವನ್ನೂ ಬಾಚುತ್ತದೆ. ಆರಿಸುವ ಶ್ರಮಕ್ಕೆ ಕೂಲಿ ಕೊಟ್ಟರೆ ಆರಿಸುತ್ತದೆ. ಗುಣದ ಮೊದಲ ಪಾಠ ಇದೇ.

ಎರಡನೆಯದು ಬಾಳಿಕೆ. ನಮ್ಮ ಕಾಫಿ ಮರದ ನೆರಳಿನಲ್ಲಿ ಬೆಳೆಯುವ ಬೆಳೆ. ಹಲಸು, ಅತ್ತಿಯಂಥ ಮರಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಕಾಳುಮೆಣಸು, ನೆಲಕ್ಕೆ ಉದುರಿದ ಎಲೆಯ ಗೊಬ್ಬರ — ಇದು ಹಿರಿಯರ ಕ್ರಮ. ಬೇಗ ಬೆಳೆಯುವ ಸಿಲ್ವರ್ ಓಕ್ ಅನೇಕ ತೋಟಗಳಲ್ಲಿ ಕಾಡುಮರಗಳ ಜಾಗವನ್ನು ಹಿಡಿದಿದೆ. ನೆರಳು ತೆಳುವಾಗಿ ಬಿಸಿಲು ಬಿದ್ದರೆ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹುಳದ ಕಾಟ ಹೆಚ್ಚುತ್ತದೆ. ತೋಟ ಸೊರಗಿದರೆ ಮೊದಲು ಕೆಲಸ ಹೋಗುವುದು ಕೂಲಿಯವರದು.

ಇನ್ನು ನಮ್ಮ ಅಡಿಗೆಮನೆಗೆ ಬರೋಣ. 2024ರಲ್ಲಿ ಏರತೊಡಗಿದ ಕಾಫಿಯ ಬೆಲೆ 2025ರ ಆರಂಭಕ್ಕೆ ಲೋಕದ ಪೇಟೆಯಲ್ಲಿ ದಾಖಲೆ ಮುಟ್ಟಿತು. ಬೆಲೆ ಏರಿದಾಗ ಕೆಲವು ಧಣಿಗಳ ಕಣ್ಣು ಮೊದಲು ಬೀಳುವುದು ಪುಡಿಯ ಡಬ್ಬಿಯ ಮೇಲೆ: ಪುಡಿ ಕಡಿಮೆ, ಚಿಕೋರಿ ಹೆಚ್ಚು. ಚಿಕೋರಿ ವಿಷವಲ್ಲ, ಅದೊಂದು ಬೇರಿನ ಪುಡಿ, ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಆದರೆ ಮಿಶ್ರಣದಲ್ಲಿ ತೂಕಕ್ಕೆ 100ಕ್ಕೆ 51 ಪಾಲಾದರೂ ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಿರಬೇಕು ಎಂದು ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಲೋಟ ರುಚಿಸದಿದ್ದರೆ ಗಿರಾಕಿ ಬೈಯುವುದು ಗಲ್ಲೆಯ ಮೇಲಿನವರನ್ನಲ್ಲ, ಲೋಟ ತಂದಿಟ್ಟ ನಮ್ಮನ್ನು. ಗಿರಾಕಿ ದೂರವಾದರೆ ಕೆಲಸದಿಂದ ತೆಗೆಯುವುದೂ ನಮ್ಮನ್ನೇ.

ಕಾಫಿಯ ಕೆಲಸಗಾರರು ತಮ್ಮ ಬೆಲೆಯನ್ನು ತಾವೇ ತಿಳಿದದ್ದು ಇದು ಮೊದಲಲ್ಲ. 1936ರಲ್ಲಿ ಇದೇ ಮುಂಬಯಿಯ ಚರ್ಚ್‌ಗೇಟಿನಲ್ಲಿ ಇಂಡಿಯಾ ಕಾಫಿ ಹೌಸ್ ಆರಂಭವಾಯಿತು. 1950ರ ದಶಕದಲ್ಲಿ ಕಾಫಿ ಮಂಡಳಿ ಇಂಥ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘಗಳನ್ನು ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲಿ ಮೊದಲನೆಯದು ಹುಟ್ಟಿತು. ಬಡಿಸುತ್ತಿದ್ದವರೇ ಒಡೆಯರಾದರು.

ನಾವು ಇಂದು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ಮೂರೇ ಮಾತು. ಒಂದು, ಪುಡಿಯ ಪೊಟ್ಟಣ ಬಂದ ಕೂಡಲೆ ಅದರ ಮೇಲಿನ ಪ್ರಮಾಣವನ್ನು ಓದಿ ನಮ್ಮ ಜೊತೆಯವರಿಗೂ ಓದಿ ಹೇಳೋಣ. ಓದು ಬಾರದವರು ಇದರಿಂದಲೇ ಅಕ್ಷರ ಕಲಿಯಲಿ. ಎರಡು, ಫಿಲ್ಟರನ್ನು ದಿನವೂ ತೊಳೆಯೋಣ, ಹಳೆಯ ಡಿಕಾಕ್ಷನ್ನನ್ನು ಮತ್ತೆ ಕುದಿಸದಿರೋಣ. ನಮ್ಮ ಕೆಲಸ ಚೊಕ್ಕವಾಗಿದ್ದರೇನೇ ನಮ್ಮ ಮಾತಿಗೆ ತೂಕ. ಮೂರು, ಕಾಫಿ ಮಾಡುವವನನ್ನು ಕುಶಲ ಕೆಲಸಗಾರನೆಂದು ಪುಸ್ತಕದಲ್ಲಿ ಬರೆದು, ಅದಕ್ಕೆ ತಕ್ಕ ಸಂಬಳ ಕೊಡಬೇಕೆಂದು ಎಲ್ಲರೂ ಕೂಡಿ ಕೇಳೋಣ, ಒಬ್ಬೊಬ್ಬರಾಗಿ ಅಲ್ಲ.

ಘಟ್ಟದಲ್ಲಿ ಹಣ್ಣು ಆರಿಸುವ ಹೆಂಗಸಿಗೂ ಕಲ್ಯಾಣದಲ್ಲಿ ಲೋಟ ತುಂಬುವ ಹುಡುಗನಿಗೂ ಮುಖಪರಿಚಯವಿಲ್ಲ. ಆದರೂ ಒಬ್ಬರ ಕೆಲಸ ಕೆಟ್ಟರೆ ಇನ್ನೊಬ್ಬರ ಕೆಲಸ ವ್ಯರ್ಥ. ಇವರಿಬ್ಬರ ಹೊಟ್ಟೆ ತುಂಬದ ಕಾಫಿಗೆ ಎಷ್ಟೇ ಅಂಕ ಬಂದರೂ ಅದು ಒಳ್ಳೆಯ ಕಾಫಿಯಲ್ಲ ಎಂದು ನಾವು ಹೇಳುತ್ತೇವೆ.