ಥರ್ಮಾಮೀಟರಿಗೆ ತಿಳಿಯದ ತಂಪು

ಬಿಸಿಲಿನಲ್ಲಿ ನಡೆದು ಬಂದವರು ಪೆಪ್ಪರಮಿಂಟೊಂದನ್ನು ಬಾಯಿಗೆ ಹಾಕಿಕೊಂಡರೆ ನಾಲಗೆ ತಣ್ಣಗಾದಂತೆ ಅನಿಸುತ್ತದೆ. ಆ ನಾಲಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ನೋಡಿ, ಅದು ತೋರಿಸುವುದು ಎಂದಿನ ಮೈಬಿಸಿಯನ್ನೇ. ಹಾಗಾದರೆ ಈ ತಂಪು ಬಂದದ್ದೆಲ್ಲಿಂದ? ಇದಕ್ಕೆ ಕಾರಣವಾದ ಮೆಂಥಾಲನ್ನು ಕೈಯಾರೆ ತೆಗೆದು ನೋಡಬೇಕೆಂದು ಹೊರಡುವ ಹವ್ಯಾಸಿ ರಸಾಯನಪ್ರಿಯರು ಸಾಮಾನ್ಯವಾಗಿ ಸೊಪ್ಪಿನ ಅಂಗಡಿಯ ಪುದೀನದಿಂದಲೇ ಆರಂಭಿಸುತ್ತಾರೆ. ಮೊದಲ ಸೋಲನ್ನು ಉಣ್ಣುವುದೂ ಅಲ್ಲಿಯೇ.

ಚಟ್ನಿಗೆ ಬಳಸುವ ಪುದೀನದ ಪರಿಮಳ ಹೆಚ್ಚಾಗಿ ಕಾರ್ವೋನ್ ಎಂಬ ಬೇರೊಂದು ವಸ್ತುವಿನದು. ಅದರಲ್ಲಿ ಮೆಂಥಾಲ್ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟು ಕಟ್ಟು ತಂದು ಬಟ್ಟಿ ಇಳಿಸಿದರೂ ಹರಳು ಸಿಗದು. ಬೇಕಾದದ್ದು ಅದರ ದಾಯಾದಿಯಾದ ಜಪಾನಿ ಪುದೀನ, ಅಂದರೆ ಮೆಂಥಾ ಅರ್ವೆನ್ಸಿಸ್. ಇದರ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಮೆಂಥಾಲೇ ಇರುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುನ್ನ ಜಪಾನಿನ ಹೊಕ್ಕೈಡೋ ದ್ವೀಪದ ಕಿಟಾಮಿ ಇದಕ್ಕೆ ಲೋಕಪ್ರಸಿದ್ಧವಾಗಿತ್ತು. ಇಂದು ಆ ಸ್ಥಾನ ಭಾರತದ್ದು. ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್, ಬದಾಯೂಂ ಕಡೆಯ ರೈತರು ಹಿಂಗಾರು ಬೆಳೆ ಮುಗಿದು ಭತ್ತದ ನಾಟಿಗೆ ಮೊದಲು ಸಿಗುವ ಬಿಡುವಿನಲ್ಲಿ ಇದನ್ನು ಬೆಳೆಯುತ್ತಾರೆ. ನೂರು ಕಿಲೋ ಹಸಿ ಸೊಪ್ಪು ಬೇಯಿಸಿದರೆ ಒಂದು ಕಿಲೋ ಎಣ್ಣೆಯೂ ಬರುವುದಿಲ್ಲ ಎಂದರೆ ಅವರ ಶ್ರಮವನ್ನು ಊಹಿಸಬಹುದು.

ಬಟ್ಟಿ ಇಳಿಸುವುದರಲ್ಲಿ ಒಂದು ಸೋಜಿಗವಿದೆ. ಮೆಂಥಾಲ್ ಕುದಿಯುವುದು 212 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೂ ನೀರಿನ ಆವಿಯ ಜೊತೆ ಅದು 100 ಡಿಗ್ರಿಗೂ ಕಡಿಮೆ ಶಾಖದಲ್ಲೇ ಹೊರಬರುತ್ತದೆ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳ ಆವಿಯ ಒತ್ತಡಗಳು ಕೂಡಿಕೊಂಡು ಹೊರಗಿನ ಗಾಳಿಯ ಒತ್ತಡವನ್ನು ಮುಟ್ಟಿದರೆ ಸಾಕು, ಕುದಿತ ಆರಂಭವಾಗುತ್ತದೆ. ಹಳ್ಳಿಯ ಕಬ್ಬಿಣದ ಹಂಡೆಯಲ್ಲೂ ಹವ್ಯಾಸಿಯ ಗಾಜಿನ ಬುರುಡೆಯಲ್ಲೂ ನಡೆಯುವುದು ಇದೇ. (ಪ್ರೆಷರ್ ಕುಕ್ಕರಿನಲ್ಲಿ ಈ ಸಾಹಸ ಬೇಡ. ಆವಿಯ ದಾರಿಗೆ ಎಲೆಯೊಂದು ಅಡ್ಡ ಬಂದರೆ ಅಪಾಯ.) ತಣ್ಣಗಾದ ನೀರಿನ ಮೇಲೆ ತೇಲುವ ಎಣ್ಣೆಯನ್ನು ಬೇರ್ಪಡಿಸಿ ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟರೆ ಸೂಜಿಯಂಥ ಬಿಳಿ ಹರಳುಗಳು ಮೂಡುತ್ತವೆ. ತಂಪು ಕೊಡುವ ವಸ್ತುವನ್ನು ಎಣ್ಣೆಯಿಂದ ಬಿಡಿಸುವುದೂ ತಂಪೇ!

ಹರಳು ಕೈಗೆ ಬಂದ ಮೇಲೆ ಆಟ ಶುರುವಾಗುತ್ತದೆ. ಸುಮಾರು 42 ಡಿಗ್ರಿಯಲ್ಲಿ ಕರಗುವ ಇದು ಆರಿದ ಮೇಲೂ ಕೆಲವೊಮ್ಮೆ ದ್ರವವಾಗಿಯೇ ಉಳಿದು, ಒಂದು ಹರಳಿನ ಚೂರು ಹಾಕಿದೊಡನೆ ಗಟ್ಟಿಯಾಗತೊಡಗುತ್ತದೆ. ಮೆಂಥಾಲ್, ಕರ್ಪೂರ ಮತ್ತು ಓಮದಿಂದ ತೆಗೆದ ಥೈಮಾಲ್, ಈ ಮೂರು ಗಟ್ಟಿ ಪದಾರ್ಥಗಳನ್ನು ಸಮನಾಗಿ ಬೆರೆಸಿದರೆ ಹನಿ ನೀರಿಲ್ಲದೆ ಎಲ್ಲವೂ ದ್ರವವಾಗುತ್ತವೆ. ಒಂದರ ಅಣುಗಳು ಮತ್ತೊಂದರ ಹರಳಿನ ಜೋಡಣೆಯನ್ನು ಕೆಡಿಸುವುದೇ ಕಾರಣ. ಅಜ್ಜಿಯರ ಪೆಟ್ಟಿಗೆಯಲ್ಲಿದ್ದ ಅಮೃತಧಾರೆಯ ಗುಟ್ಟು ಇಷ್ಟೆ.

ಮೆಂಥಾಲ್‌ಗೆ ಒಂದೇ ಸೂತ್ರದ, ಜೋಡಣೆಯಲ್ಲಿ ಮಾತ್ರ ಭಿನ್ನವಾದ ಎಂಟು ರೂಪಗಳುಂಟು. ಚೆನ್ನಾಗಿ ತಂಪೆನಿಸುವುದು ಗಿಡ ಮಾಡುವ ರೂಪವೊಂದೇ. ಅದೊಂದನ್ನೇ ಕಾರ್ಖಾನೆಯಲ್ಲಿ ತಯಾರಿಸುವ ದಾರಿಯನ್ನು 1980ರ ದಶಕದಲ್ಲಿ ತೆರೆದವರಲ್ಲಿ ಜಪಾನಿನ ರ‍್ಯೋಜಿ ನೊಯೋರಿ ಪ್ರಮುಖರು. 2001ರ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಹೀಗೆ ಬಾರಾಬಂಕಿಯ ರೈತನಿಗೆ ಈಗ ಮಳೆಯ ಜೊತೆಗೆ ಕಾರ್ಖಾನೆಯ ಚಿಂತೆಯೂ ಸೇರಿದೆ.

ತಂಪಿನ ಒಗಟು ಬಿಡಿಸಿದ್ದು 2002ರಲ್ಲಿ. ನರದ ತುದಿಗಳಲ್ಲಿ ಚಳಿಗೆ ತೆರೆದುಕೊಳ್ಳುವ ಟಿಆರ್‌ಪಿಎಂ8 ಎಂಬ ಪುಟ್ಟ ಬಾಗಿಲನ್ನು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಪ್ರತ್ಯೇಕವಾಗಿ ಗುರುತಿಸಿದರು. 2021ರ ವೈದ್ಯಕೀಯ ನೊಬೆಲ್ ಇಬ್ಬರಿಗೂ ಸಂದಿತು. ಮೆಂಥಾಲ್ ಆ ಬಾಗಿಲನ್ನು ಚಳಿಯಿಲ್ಲದೆಯೇ ತೆರೆಯುತ್ತದೆ, ಮಿದುಳು ನಂಬಿಬಿಡುತ್ತದೆ. ನೆಗಡಿಯಲ್ಲಿ ಮೂಗು ಬಿಟ್ಟಂತೆ ಅನಿಸುವುದೂ ಇಂಥದ್ದೇ. ಕಟ್ಟಿದ ಮೂಗು ಕಟ್ಟಿಯೇ ಇರುತ್ತದೆ. ದೊಡ್ಡವರಿಗೆ ಇದು ಹಿತವಾದ ಮೋಸ. ಹಸುಗೂಸಿನ ಮೂಗಿನ ಬಳಿ ಮೆಂಥಾಲ್ ಸವರಿದರೆ ಮಾತ್ರ ಗಂಟಲು ಬಿಗಿದು ಉಸಿರೇ ನಿಲ್ಲುವ ಅಪಾಯವುಂಟು. ಹವ್ಯಾಸಿಯ ಸೀಸೆಯಾಗಲಿ, ಅಜ್ಜಿಯ ಡಬ್ಬಿಯಾಗಲಿ, ತೊಟ್ಟಿಲಿನಿಂದ ದೂರವಿರಬೇಕು.